ತೆಂಗಿನ ನಾರಿನ ಗದ್ದೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಕ್ಕಿ ಡಬ್ಬಿಯ ಹಿಡಿಗೆ ವರ್ಷವಿಡೀ ಒಂದು ಒಣ ಭತ್ತದ ತೆನೆ ಕಟ್ಟಿರುತ್ತದೆ. ಮುಂಬಾಗಿಲ ಚೌಕಟ್ಟಿಗೆ ಇನ್ನೊಂದು. ಅಂಬರನಾಥದ ಕಾರ್ಖಾನೆಗಳ ನಡುವೆ ಅಪ್ಪ ನಡೆಸುವ ಕ್ಯಾಂಟೀನಿನ ಗಲ್ಲಾದ ಮೇಲೆ ಮತ್ತೊಂದು. ಉಡುಪಿ ಕಡೆಯ ನಮ್ಮಂಥವರು ಇದನ್ನು ಕದಿರು ಎನ್ನುತ್ತೇವೆ. ಹೊಸ ಬೆಳೆಯ ತೆನೆ ಮನೆಗೆ ಬಂದ ದಿನ ಅದನ್ನು ಮಾವಿನ ಎಲೆ, ಹಲಸಿನ ಎಲೆಗಳ ಜೊತೆ ಸೇರಿಸಿ ಕಟ್ಟಿ, ಆಮೇಲೆ ಹೊಸಕ್ಕಿ ಊಟ ಮಾಡುವುದು ಪದ್ಧತಿ. ಮುಂದಿನ ವರ್ಷದ ಕದಿರು ಬರುವವರೆಗೆ ಹಳೆಯದನ್ನು ಯಾರೂ ಬಿಚ್ಚುವುದಿಲ್ಲ. ಬಾಗಿಲಿಗೆ ಬಣ್ಣ ಹಚ್ಚಲು ಬಂದವರೂ ಅದನ್ನು ಮುಟ್ಟದೆ ಸುತ್ತಲೂ ಬ್ರಶ್ ಆಡಿಸಿ ಹೋಗಿದ್ದಾರೆ.

ಈ ಕದಿರನ್ನು ಪ್ರತಿವರ್ಷ ಊರಿನಿಂದ ಕಳಿಸುತ್ತಿದ್ದವರು ನನ್ನ ಅತ್ತೆ, ಅಪ್ಪನ ಅಕ್ಕ. ಅವರಿಗೆ ಮದುವೆಯಾಗಿರಲಿಲ್ಲ. ಊರಿನ ಮನೆಯ ಎದುರಿಗಿದ್ದ ಒಂದೇ ಒಂದು ಗದ್ದೆಯನ್ನು ಆಳುಗಳನ್ನು ಹಿಡಿದು ತಾವೇ ಮಾಡಿಸುತ್ತಿದ್ದರು. ತೆನೆ ಬಲಿತಾಗ ಒಂದು ಹಿಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಂಬೈಗೆ ಹೊರಡುವ ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅಪ್ಪ ಬೆಳಿಗ್ಗೆ ಠಾಣೆಯ ಬಸ್‌ಸ್ಟಾಪಿಗೆ ಹೋಗಿ ಮಗುವನ್ನು ಇಳಿಸಿಕೊಳ್ಳುವ ಹಾಗೆ ಅದನ್ನು ಇಳಿಸಿಕೊಂಡು ಬರುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅಪ್ಪ ಹೋಗಿ ಕರೆದುಕೊಂಡು ಬಂದರು. ಠಾಣೆಯ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಆಮೇಲೆ ಎರಡನೇ ಮಹಡಿಯ ನಮ್ಮ ಮನೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದರು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಡಾಕ್ಟರು ಹೇಳಿದ್ದು ಎರಡೇ ಮಾತು. ಮನೆಯೊಳಗೆ ದಿನವೂ ನಡೆಯಬೇಕು, ಚಳಿಗಾಲ ಕಳೆಯುವವರೆಗೆ ಪ್ರಯಾಣ ಮಾಡಬಾರದು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಅತ್ತೆ ಈ ಎರಡನ್ನೂ ತಿರುಗಿಸಿ ಹಿಡಿದರು. ನಡೆಯಲಿಲ್ಲ, ಪ್ರಯಾಣದ ಮಾತು ಮಾತ್ರ ಬಿಡಲಿಲ್ಲ. ವಾಕರ್ ಗೋಡೆಗೆ ಒರಗಿ ನಿಂತಿತ್ತು, ಅದರ ಮೇಲೆ ಅಮ್ಮ ಟವೆಲ್ ಒಣಗಿಸತೊಡಗಿದ್ದರು. ಎಲ್ಲಿಗೆ ನಡೆಯುವುದು, ಈ ಗೋಡೆಯಿಂದ ಆ ಗೋಡೆಗಾ ಎಂದು ಅತ್ತೆ ಕೇಳುತ್ತಿದ್ದರು. ಮೇ ತಿಂಗಳಲ್ಲಿ ಒಂದು ಸಂಜೆ ಅವರು ಅಪ್ಪನಿಗೆ ಹೇಳಿಬಿಟ್ಟರು, ಕದಿರಿನ ಹೊತ್ತಿಗೆ ನನ್ನನ್ನು ಊರಿಗೆ ಬಿಡು ಎಂದು.

ಗದ್ದೆ ಈ ವರ್ಷ ಬೆಳೆಯಿಲ್ಲದೆ ಹಡಿಲು ಬೀಳುತ್ತದೆ, ಮಾಡಿಸುವವರು ನೀವೇ ಇಲ್ಲಿದ್ದೀರಿ, ಹೋಗಿ ಏನು ಮಾಡುತ್ತೀರಿ ಎಂದು ಅಪ್ಪ ಕೇಳಿದರು. ಅತ್ತೆ ಬೇರೆಯವರ ಗದ್ದೆಗೆ ಇಳಿದು ತರುತ್ತೇನೆ ಎಂದರು. ಇಲ್ಲಿಯೇ ಮಾರ್ಕೆಟ್ಟಿನಲ್ಲಿ ದಸರಾದ ಹೊತ್ತಿಗೆ ಗೊಂಡೆ ಹೂವಿನ ಜೊತೆ ಭತ್ತದ ತೆನೆಯೂ ಮಾರಾಟಕ್ಕೆ ಬರುತ್ತದೆ, ಬೇಕಾದಷ್ಟು ತರುತ್ತೇನೆ ಎಂದು ಅಪ್ಪ ಹೇಳಿದಾಗ ಅವರು ತಮ್ಮನನ್ನು ಒಂದು ಕ್ಷಣ ನೋಡಿದರು.

“ಕದಿರು ನಮ್ಮ ಗದ್ದೆದು ಆಗ್ಬೇಕು. ಗದ್ದೆ ಇಲ್ಲದವ ಬೇರೆಯವರದ್ದನ್ನು ಕದ್ದು ತರ್ಬಹುದು, ಅದಕ್ಕೆ ಯಾರೂ ಏನೂ ಹೇಳುವುದಿಲ್ಲ. ಕೇಳಿ ತರ್ಲಿಕ್ಕಿಲ್ಲ. ದುಡ್ಡು ಕೊಟ್ಟು ತರುವುದು ಅಂದ್ರೆ ಎಂಥದು ಮಾರಾಯ?”

ಮನೆಯಲ್ಲಿ ನಾವು ಆಡುವುದು ತುಳು. ಕನ್ನಡಕ್ಕೆ ತರುವಾಗ ಅವರ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿದೆ. ಮನೆಯಲ್ಲಿ ಹೊಸ ಕದಿರು ಕಟ್ಟದೆ ಹೊಸಕ್ಕಿ ಉಣ್ಣುವುದಿಲ್ಲ, ಉಣ್ಣದೆ ಇಲ್ಲಿ ಕೂತಿರುವುದೂ ಇಲ್ಲ ಎಂದು ಅವರು ಮಾತು ಮುಗಿಸಿದರು. ಅಪ್ಪ ವಾದ ಮಾಡಲಿಲ್ಲ. ಅಕ್ಕ ಒಮ್ಮೆ ಹೇಳಿದ್ದನ್ನು ಬದಲಿಸಿದ್ದು ಅವರಿಗೆ ನೆನಪಿರಲಿಲ್ಲ. ಕೊನೆಗೆ ಬೇರೆ ದಾರಿ ಇಲ್ಲದಿದ್ದರೆ ಇರಲಿ ಎಂದು ನನ್ನ ಫೋನಿನಿಂದ ಅಕ್ಟೋಬರಿಗೆ ಎರಡು ಟಿಕೆಟ್ ತೆಗೆಸಿ, ಅದನ್ನು ಅತ್ತೆಗೆ ಹೇಳಬೇಡ ಎಂದರು. ರಾತ್ರಿಯಿಡೀ ಪ್ರಯಾಣ, ಅದಾದ ಮೇಲೆ ಊರಿನ ಮನೆಯ ಪಾಚಿಗಟ್ಟಿದ ಮೆಟ್ಟಿಲು, ಕೆಸರುಗದ್ದೆ: ಇಷ್ಟನ್ನು ಅಪ್ಪ ಯೋಚಿಸುತ್ತಿದ್ದುದು ಅವರು ಚಹಾ ಆರಲು ಬಿಟ್ಟು ಕೂರುವ ರೀತಿಯಲ್ಲೇ ತಿಳಿಯುತ್ತಿತ್ತು.

ಅಕ್ಕಿ ತೆಗೆಯಲು ಹೋದಾಗ ನನಗೆ ಹೊಳೆಯಿತು. ಡಬ್ಬಿಗೆ ಕಟ್ಟಿದ್ದ ಒಣ ಕದಿರು ಅತ್ತೆಯ ಗದ್ದೆಯದೇ. ಅದರಲ್ಲಿರುವುದು ಭತ್ತ, ಅಂದರೆ ಬೀಜ. ಇಲ್ಲಿಯೇ ಬಿತ್ತಿದರೆ?

ಇದನ್ನು ಹೇಳಿದಾಗ ಅತ್ತೆ ಹಳೆಯ ಕದಿರನ್ನು ಹೊಸದು ಬರುವ ಮೊದಲು ಮುಟ್ಟಬಾರದು ಎಂದರು. ಸ್ವಲ್ಪ ಹೊತ್ತು ಬಿಟ್ಟು, ಬಿಚ್ಚಬಾರದು, ಆದರೆ ಕಾಳು ಉದುರಿಸಿಕೊಳ್ಳಬಾರದು ಅಂತ ಯಾರೂ ಹೇಳಿಲ್ಲ ಎಂದರು. ಅಮ್ಮ ಕೆಳಗೆ ತಟ್ಟೆ ಹಿಡಿದರು. ನಾನು ಮೂರೂ ಕಡೆಯ ತೆನೆಗಳಿಂದ ಕಾಳು ಉದುರಿಸಿದೆ. ನೀರಿಗೆ ಹಾಕಿದಾಗ ಅರ್ಧಕ್ಕರ್ಧ ತೇಲಿತು, ನುಸಿ ತಿಂದದ್ದು. ಮುಳುಗಿದ್ದನ್ನು ಅತ್ತೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ತಮ್ಮ ದಿಂಬಿನ ಪಕ್ಕ ಇಟ್ಟುಕೊಂಡರು.

ಬಿತ್ತುವುದು ಎಲ್ಲಿ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಮುಂಗೋಣೆಯ ಕಿಟಕಿಗೆ ಹೊರಕ್ಕೆ ಚಾಚಿದ ಗ್ರಿಲ್ ಇದೆ, ಬಿಸಿಲು ಚೆನ್ನಾಗಿ ಬರುತ್ತದೆ. ಆದರೆ ಕಟ್ಟಡ ಹಳೆಯದು. ಗ್ರಿಲ್ಲಿನಲ್ಲಿ ಮಣ್ಣಿನ ಕುಂಡ ಇಡಬಾರದು, ಭಾರಕ್ಕೆ ಗೋಡೆ ಬಿರುಕು ಬಿಡುತ್ತದೆ ಎಂದು ಕಟ್ಟಡ ನೋಡಿಕೊಳ್ಳುವ ಸೊಸೈಟಿಯವರು ಬೋರ್ಡಿನಲ್ಲಿ ಬರೆದು ಹಾಕಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಪಕ್ಕದ ಕಟ್ಟಡದ ಒಂದು ಗ್ರಿಲ್ ಕಳಚಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೆವು. ಭಾರ ಇಲ್ಲದ್ದು ಬೇಕಾಗಿತ್ತು. ಭಾನುವಾರ ಕಲ್ಯಾಣದ ನರ್ಸರಿಗೆ ಹೋಗಿ ಕೋಕೋಪೀಟ್ ಇಟ್ಟಿಗೆಗಳನ್ನು ತಂದೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಹುಡಿಯನ್ನೂ ಅಳಿದುಳಿದ ನಾರನ್ನೂ ಒತ್ತಿ ಮಾಡಿದ ಇಟ್ಟಿಗೆ ಅದು. ನೀರಿಗೆ ಹಾಕುವ ಮೊದಲು ಬಿಸ್ಕತ್ತಿನಷ್ಟು ಹಗುರ.

ಅತ್ತೆ ಒಂದನ್ನು ಕೈಗೆ ತೆಗೆದುಕೊಂಡು ಮೂಸಿದರು. ಗುರುತು ಹತ್ತಿತು. “ಇದನ್ನು ನಾವು ಬಚ್ಚಲೊಲೆಗೆ ತುಂಬಿಸುವುದಲ್ವಾ? ಇದಕ್ಕೆ ನೀನು ಟ್ರೇನಲ್ಲಿ ಹೋಗಿ ಬಂದೆಯಾ?”

ಬಕೆಟ್ಟಿನ ನೀರಿನಲ್ಲಿ ಇಟ್ಟಿಗೆ ಮೆಲ್ಲಗೆ ಬಿರಿದು, ಉಬ್ಬಿ, ಬಕೆಟ್ ತುಂಬಿ ಅಂಚಿನಿಂದ ಚೆಲ್ಲಿದಾಗ ಮಾತ್ರ ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಕೈ ಅದ್ದಿ ಒಂದು ಮುಷ್ಟಿ ಹಿಂಡಿದರು. ನೀರು ಬೆರಳ ಸಂದಿಯಿಂದ ಇಳಿಯಿತು, ಹುಡಿ ತೇವವಾಗಿಯೇ ಉಳಿಯಿತು. ನೀರು ಹಿಡಿದುಕೊಳ್ಳುತ್ತದೆ ಎಂದರು. ಅದು ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು.

ಅಪ್ಪ ಕ್ಯಾಂಟೀನಿಗೆ ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆಗಳನ್ನು ತಂದರು. ನಾನು ಅವುಗಳ ತಳಕ್ಕೆ ತೂತು ಮಾಡಿ, ವಾಸನೆ ಹೋಗುವವರೆಗೆ ತೊಳೆದೆ. ಕೋಕೋಪೀಟನ್ನೂ ಪದೇಪದೇ ತೊಳೆದು ಹಿಂಡಿದೆ. ಸಮುದ್ರದ ಕಡೆಯ ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲೇಬೇಕು. ನಾನು ಕೆಲಸ ಮಾಡುವುದು ನವಿ ಮುಂಬೈಯಲ್ಲಿ ನೀರು ಪರೀಕ್ಷಿಸುವ ಒಂದು ಸಣ್ಣ ಲ್ಯಾಬಿನಲ್ಲಿ. ಮೊಳಕೆ ಬಂದ ಭತ್ತವನ್ನು ಅತ್ತೆ ತಾವೇ ಬಿತ್ತಬೇಕೆಂದರು. ಅದಕ್ಕಾಗಿ ಟವೆಲ್ ತೆಗೆದಿಟ್ಟು ವಾಕರ್ ಹಿಡಿದು ಮಂಚದಿಂದ ಕಿಟಕಿಯವರೆಗೆ ನಡೆದರು. ನಾವು ಯಾರೂ ಅದರ ಬಗ್ಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಕೂತುಬಿಡುತ್ತಿದ್ದರು.

ಸೊಸೈಟಿಯ ಸೆಕ್ರೆಟರಿ ಕೆಳಗಿನಿಂದ ನೋಡಿ ಮೇಲೆ ಬಂದರು. ಮಿಟ್ಟಿ ನಹೀ ಚಲೇಗಾ, ಮಣ್ಣು ಇಡುವಂತಿಲ್ಲ ಎಂದರು. ಅಪ್ಪ ಪೆಟ್ಟಿಗೆಯೊಂದನ್ನು ಒಂದೇ ಕೈಯಲ್ಲಿ ಎತ್ತಿ ಅವರ ಕೈಗೆ ಕೊಟ್ಟರು. ಅವರು ಅದನ್ನು ತೂಗಿ ನೋಡಿ, ಒಳಗೆ ಬೆರಳಿಟ್ಟು ನೋಡಿ, ಇದು ಮಿಟ್ಟಿ ಅಲ್ಲ ಎಂದು ತಾವೇ ಒಪ್ಪಿಕೊಂಡು ಹೋದರು.

ಒಪ್ಪದವರು ಕೆಳಗಿನ ಮನೆಯ ಹೆಂಗಸು; ಕಟ್ಟಡದವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ವಿಜಯಪುರ ಕಡೆಯವರು, ಮನೆಯವರದು ಕಲ್ಯಾಣದಲ್ಲಿ ಬಟ್ಟೆ ವ್ಯಾಪಾರ. ಕೋಕೋಪೀಟಿನಿಂದ ಇಳಿಯುವ ನೀರು ಮೊದಮೊದಲು ಕಂದು ಬಣ್ಣದ್ದಾಗಿರುತ್ತದೆ. ಎಷ್ಟು ತೊಳೆದಿದ್ದರೂ ಸ್ವಲ್ಪ ಉಳಿದೇ ಇರುತ್ತದೆ. ಅದು ತೊಟ್ಟಿಕ್ಕಿ ಕಾಕು ಒಣಹಾಕಿದ್ದ ಬಿಳಿ ಚಾದರದ ಮೇಲೆ ಬಿತ್ತು. ಅವರು ತಮ್ಮ ಗ್ರಿಲ್ಲಿನಿಂದ ಕತ್ತು ಹೊರಳಿಸಿ ಮೇಲಕ್ಕೆ ಕೂಗಿದರು.

“ಏನ್ರೀ ಅಕ್ಕಾರ, ಮ್ಯಾಲಿಂದ ಚಾ ಸುರಿಯಾಕತ್ತೀರೇನ್ರಿ? ಸಕ್ರಿ ಹಾಕೀರೋ ಇಲ್ಲೋ?”

ಅತ್ತೆ ಕಿಟಕಿಯ ಹತ್ತಿರವೇ ಇದ್ದರು. “ಸಕ್ಕರೆ ಹಾಕಿಲ್ಲ ಮಾರಾಯ್ರೆ. ಬೇಕಾದ್ರೆ ಕಡೀಲಿಕ್ಕೆ ಒಂದು ತುಂಡು ಬೆಲ್ಲ ಕೊಡ್ತೇನೆ.”

ಕೆಳಗಿನಿಂದ ನಗು ಕೇಳಿಸಿತು. ನಾನು ಹೋಗಿ ಚಾದರ ಒಗೆದು ಕೊಡುತ್ತೇನೆ ಎಂದೆ, ಕಾಕು ಕೊಡಲಿಲ್ಲ. ಮೇಲೆ ಏನು ಬೆಳೆದಿದ್ದೀರಿ ಎಂದು ಮಾತ್ರ ಕೇಳಿದರು. ಅಂದಿನಿಂದ ಅವರಿಬ್ಬರೂ ದಿನಾ ಗ್ರಿಲ್ಲಿನಿಂದ ಗ್ರಿಲ್ಲಿಗೆ ಮಾತಾಡತೊಡಗಿದರು. ಅತ್ತೆಯ ಕನ್ನಡ ಕಾಕುವಿಗೆ ಪುಸ್ತಕದ ಹಾಗೆ ಕೇಳುತ್ತಿತ್ತು. ಕಾಕುವಿನ ಕನ್ನಡವನ್ನು ಅತ್ತೆ ಮೊದಲು ಜಗಳ ಎಂದೇ ತಿಳಿಯುತ್ತಿದ್ದರು. ಕದಿರನ್ನು ಕದ್ದರೆ ತಪ್ಪಲ್ಲ, ಕೇಳಿದರೆ ತಪ್ಪು ಎಂಬ ನಿಯಮವನ್ನು ಅತ್ತೆ ವಿವರಿಸುವಾಗ ನಾನು ಒಳಗೆ ಇದ್ದೆ. ಕಾಕು ಅದನ್ನು ಎರಡು ಸಲ ಹೇಳಿಸಿಕೊಂಡರು.

ಮಳೆ ಹಿಡಿಯಿತು. ಪೈರು ಒಂದು ಗೇಣು ಎತ್ತರಕ್ಕೆ ಬಂದು ನಿಂತುಬಿಟ್ಟಿತು. ಎಲೆ ಹಳದಿಗೆ ತಿರುಗಿತು. ತೆಂಗಿನ ನಾರಿನಲ್ಲಿ ನೀರು ಉಂಟು, ಗಾಳಿ ಉಂಟು, ತಿನ್ನಲಿಕ್ಕೆ ಏನೂ ಇಲ್ಲ; ಗೊಬ್ಬರವನ್ನು ನಾವೇ ನೀರಿನಲ್ಲಿ ಕರಗಿಸಿ ಆಗಾಗ ಕೊಡುತ್ತಿರಬೇಕು. ನಾನು ಎಲ್ಲಿ ಜಾಸ್ತಿಯಾಗುತ್ತದೋ ಎಂದು ಅಳೆದು ಅಳೆದು ತೀರಾ ತೆಳುವಾಗಿ ಕೊಡುತ್ತಿದ್ದೆ. ಪ್ರಮಾಣ ಹೆಚ್ಚಿಸಿದ ಮೇಲೆ ಹಸಿರು ಬರಬೇಕಿತ್ತು. ಬಂದದ್ದು ಬೇರೆ. ಎಲೆಗಳ ತುದಿ ಕಂದಾಗಿ ಸುರುಳಿಗಟ್ಟಿತು. ವಾರದೊಳಗೆ ಸುಟ್ಟ ಗೆರೆ ತುದಿಯಿಂದ ಕೆಳಕ್ಕೆ ಇಳಿಯತೊಡಗಿತು. ಅತ್ತೆ ಬೆಳಿಗ್ಗೆ ಎದ್ದು ಕಿಟಕಿಯವರೆಗೆ ನಡೆದು, ನೋಡಿ, ವಾಪಸು ಬಂದು ಕೂರುತ್ತಿದ್ದರು. ಮತ್ತೆ ಊರಿನ ಮಾತು ಶುರುವಾಯಿತು. ಇಲ್ಲಿ ಆಗುವ ಕೆಲಸ ಅಲ್ಲ ಇದು, ಟಿಕೆಟ್ ತೆಗೆಸು ಎಂದು ಅಪ್ಪನಿಗೆ ಹೇಳಿದರು. ತೆಗೆಸಿಯಾಗಿದೆ ಎಂದು ಅಪ್ಪ ಹೇಳಲಿಲ್ಲ.

ನನಗೆ ಅನುಮಾನ ಉಪ್ಪಿನ ಮೇಲೆ. ಮೀನಿನ ಪೆಟ್ಟಿಗೆ ಸರಿಯಾಗಿ ತೊಳೆದಿರಲಿಲ್ಲವೇ, ಇಲ್ಲ ಇಟ್ಟಿಗೆಯಲ್ಲಿಯೇ ಇತ್ತೇ? ಪೆಟ್ಟಿಗೆಯಿಂದ ಇಳಿದ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದೆ. ಹೊಸ ಇಟ್ಟಿಗೆಯೊಂದರ ತುಂಡನ್ನು ನೆನೆಸಿದ ನೀರನ್ನು ಇನ್ನೊಂದರಲ್ಲಿ ತುಂಬಿ ಲ್ಯಾಬಿಗೆ ಒಯ್ದೆ. ದಿವಾ ಸ್ಟೇಶನ್ನಿನಲ್ಲಿ ಟ್ರೇನು ಹತ್ತಿದವರ ನೂಕುನುಗ್ಗಲಿನಲ್ಲಿ ಬಾಟಲಿಗಳನ್ನು ಎದೆಗವಚಿ ಹಿಡಿದಿದ್ದೆ. ಲೇಡೀಸ್ ಬೋಗಿಯಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸು, ಕಾಢಾ ಹೈ ಕ್ಯಾ, ಕಷಾಯವೇ, ಯಾವ ಕಾಯಿಲೆಗೆ ಎಂದು ಕೇಳಿದರು. ಗಿಡಕ್ಕೆ ಎಂದೆ. ಅವರು ತಲೆಯಾಡಿಸಿದರು.

ಇಟ್ಟಿಗೆಯ ನೀರಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಪೆಟ್ಟಿಗೆಯ ನೀರಿನಲ್ಲಿ ಉಪ್ಪು ಅಳೆಯುವ ಮೀಟರ್ ಅದ್ದಿದಾಗ ಅಂಕಿ ಎಲ್ಲಿಗೋ ಏರಿತು; ಮೀಟರ್ ಕೆಟ್ಟಿರಬೇಕು ಎಂದುಕೊಂಡು ತೊಳೆದು ಮತ್ತೆ ಅದ್ದಿದೆ. ತೊಳೆಯದ ಯಾವ ಮೀನಿನ ಪೆಟ್ಟಿಗೆಯಿಂದಲೂ ಅಷ್ಟು ಉಪ್ಪು ಬರಲು ಸಾಧ್ಯವಿರಲಿಲ್ಲ. ಯಾರೋ ಹಾಕಿರಬೇಕು.

ಸಂಜೆ ಮನೆಗೆ ಬಂದು ಗ್ರಿಲ್ಲಿನ ಬಳಿ ಕೂತು ಪೈರಿನ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿದೆ. ಪೆಟ್ಟಿಗೆಯ ಮೂಲೆಯಲ್ಲಿ, ನಾರಿನ ಒಳಗೆ, ಕರಗಿ ಕರಗಿ ಸಣ್ಣದಾದ ಒಂದು ಕಲ್ಲುಪ್ಪಿನ ಹರಳು ಸಿಕ್ಕಿತು.

“ಅತ್ತೆ, ಇದಕ್ಕೆ ಉಪ್ಪು ಹಾಕಿದ್ದೀರಾ?”

“ಹಾಕದೆ ಮತ್ತೆ? ಪೈರು ಹಳದಿ ಆಗಿತ್ತಲ್ಲ.” ಅವರ ದನಿಯಲ್ಲಿ ಅಳುಕೇನೂ ಇರಲಿಲ್ಲ. “ಮಳೆ ಹಿಡಿದ ಮೇಲೆ ತೆಂಗಿಗೆ ಉಪ್ಪು ಹಾಕ್ಬೇಕಲ್ಲ ಮಗಾ. ಬುಡಕ್ಕೆ ಒಂದು ಹಿಡಿ ಬಿದ್ರೆ ಸಾಕು, ಹಸಿರು ಬರ್ತದೆ. ಅಷ್ಟು ಗೊತ್ತಿಲ್ವಾ ನಿನಗೆ?”

“ಆದ್ರೆ ಇದು ಭತ್ತ ಅಲ್ವಾ?”

“ಭತ್ತ ನಿಂತದ್ದು ಯಾವುದ್ರ ಮೇಲೆ?”

ನಮ್ಮ ಕಡೆ ತೆಂಗಿನ ಬುಡಕ್ಕೆ ಉಪ್ಪು ಹಾಕುವುದನ್ನು ನಾನೂ ನೋಡಿದ್ದೇನೆ. ನೆಲವೇ ತೆಂಗಿನದಾದ ಮೇಲೆ ನೆಲಕ್ಕೆ ಉಪ್ಪು ಬೇಕು ಎಂಬುದು ಅವರಿಗೆ ಸಹಜವಾಗಿ ಹೊಳೆದ ಲೆಕ್ಕ. ಒಂದು ಸಲವಲ್ಲ, ಹಸಿರು ಬರಲಿಲ್ಲ ಎಂದು ಮತ್ತೊಂದು ಸಲವೂ ಹಾಕಿದ್ದರು. ಒಳಗೆ ಅಮ್ಮ, ಉಪ್ಪಿನ ಡಬ್ಬಿ ಯಾಕೆ ಇಷ್ಟು ಬೇಗ ಖಾಲಿಯಾಗುತ್ತಿದೆ ಎಂದು ಈಗ ಗೊತ್ತಾಯಿತು ಎಂದರು.

ನಾನು ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅತ್ತೆಯ ಮುಂದೆ ಹಿಡಿದೆ. ಅವರು ಬೆರಳು ಅದ್ದಿ ನಾಲಿಗೆಗೆ ತಾಗಿಸಿದರು. ಅವರ ಮುಖ ನಿಧಾನವಾಗಿ ಬದಲಾಯಿತು.

“ಗಂಜಿಗೆ ಆಗುವಷ್ಟು ಉಂಟು,” ಎಂದರು.

ಊಟಕ್ಕೆ ಕೂತಾಗ ಅವರೇ ಆ ಮಾತು ಎತ್ತಿದರು. ಹೊಳೆ ಬದಿಯ ಗದ್ದೆಗಳಿಗೆ ಭರತದ ಹೊತ್ತಿಗೆ, ಸಮುದ್ರ ಉಕ್ಕಿದಾಗ, ಉಪ್ಪುನೀರು ನುಗ್ಗುತ್ತಿತ್ತಂತೆ. ಆಗ ಕಟ್ಟ ಬಿಡಿಸಿ, ಮಳೆ ನೀರು ಮೇಲಿನಿಂದ ಬಿದ್ದು ಕೆಳಗಿನಿಂದ ಹರಿದು ಹೋಗಲು ಬಿಡುತ್ತಿದ್ದರಂತೆ. ಬುಡ ಸತ್ತಿರದಿದ್ದರೆ ಪೈರು ಮತ್ತೆ ಏಳುತ್ತಿತ್ತು. ನಾನು ಓದಿದ್ದೂ ಅದನ್ನೇ ಹೇಳುತ್ತಿತ್ತು; ಜೊತೆಗೆ ಸ್ವಲ್ಪ ಸುಣ್ಣದಂಶದ ಗೊಬ್ಬರ ಕೊಟ್ಟರೆ ನಾರು ಹಿಡಿದಿಟ್ಟುಕೊಂಡ ಉಪ್ಪನ್ನು ಬೇಗ ಬಿಡುತ್ತದೆ ಎಂಬುದನ್ನು ಮಾತ್ರ ನಾನು ಸೇರಿಸಿದೆ. ಒಂದು ಬುಡವನ್ನು ಕಿತ್ತು ನೋಡಿದೆವು. ಹಳೆಯ ಬೇರು ಕಪ್ಪಾಗಿತ್ತು. ಅದರ ಪಕ್ಕದಲ್ಲಿ ಒಂದೆರಡು ಬಿಳಿ ಬೇರು.

ನಲ್ಲಿ ನೀರು ಅಷ್ಟಕ್ಕೆ ಸಾಲದು. ನಮ್ಮಲ್ಲಿ ನೀರು ಬರುವುದೇ ಬೆಳಗಿನ ಸ್ವಲ್ಪ ಹೊತ್ತು. ಮಳೆ ಮಾತ್ರ ಧಾರಾಳವಾಗಿ ಸುರಿಯುತ್ತಿತ್ತು, ಆದರೆ ಗ್ರಿಲ್ಲಿನ ಮೇಲೆ ತಗಡಿನ ಮಾಡು ಇದೆ. ಅದನ್ನು ತೆಗೆದರೆ ಮಳೆ ನೇರವಾಗಿ ಪೆಟ್ಟಿಗೆಗೆ ಬೀಳುತ್ತದೆ. ಕಂದು ಬಣ್ಣದ ಉಪ್ಪುನೀರೆಲ್ಲ ನೇರವಾಗಿ ಕಾಕುವಿನ ಗ್ರಿಲ್ಲಿಗೆ ಇಳಿಯುತ್ತದೆ.

ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಅತ್ತೆ ಎದ್ದು ಹೋಗಿ ಕೆಳಕ್ಕೆ ಕರೆದರು. ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದರು. ಕಾಕು ಕೇಳಿ ಮುಗಿಸಿದರು.

“ಉಪ್ಪು ಯಾರ ಹಾಕಿದ್ರು?”

“ನಾನೇ.”

“ಮತ್ತ ಮೆಣಸಿನಕಾಯಿ ಯಾಕ ಬಿಟ್ರಿ ಅಕ್ಕಾರ? ಉಪ್ಪಿನಕಾಯಿ ಆಗೇಬಿಡ್ತಿತ್ತು.”

ಅತ್ತೆ ಗ್ರಿಲ್ ಹಿಡಿದುಕೊಂಡು ನಕ್ಕರು. ಅವರು ನಮ್ಮ ಮನೆಗೆ ಬಂದ ಮೇಲೆ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಕಾಕು ಬಟ್ಟೆಗಳನ್ನೆಲ್ಲ ಒಳಗೆ ತೆಗೆದುಕೊಂಡು, ಅಂಗಡಿಯಿಂದ ತರಿಸಿದ ಪ್ಲಾಸ್ಟಿಕ್ ಹಾಳೆಯನ್ನು ತಮ್ಮ ಗ್ರಿಲ್ಲಿನ ಮೇಲೆ ಓರೆಯಾಗಿ ಕಟ್ಟಿಸಿದರು. ನೀರು ಹೊರಗೆ ಚರಂಡಿಗೆ ಬೀಳುವ ಹಾಗೆ. ಅಪ್ಪ ತಗಡು ಬಿಚ್ಚಿದರು. ಇಡೀ ಶನಿವಾರ ಮಳೆ ಬಿತ್ತು. ಮೊದಲು ಕಡುಚಹಾದಂತೆ, ಆಮೇಲೆ ತಿಳಿಚಹಾದಂತೆ, ಸಂಜೆಯ ಹೊತ್ತಿಗೆ ಬರೀ ನೀರಿನಂತೆ ಪೆಟ್ಟಿಗೆಗಳಿಂದ ಇಳಿಯಿತು. ಅತ್ತೆ ಆಗಾಗ ಹೋಗಿ ಬೆರಳು ಹಿಡಿದು ನಾಲಿಗೆಗೆ ತಾಗಿಸಿ ನೋಡುತ್ತಿದ್ದರು. ಸೋಮವಾರ ನಾನು ಮತ್ತೊಂದು ಬಾಟಲಿ ಒಯ್ದೆ. ಅವರ ನಾಲಿಗೆಗೂ ನನ್ನ ಮೀಟರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಕೆಲವು ಬುಡಗಳು ಸತ್ತವು. ಉಳಿದವು ಹಲವು ದಿನ ಹಾಗೆಯೇ ಇದ್ದು, ಆಮೇಲೆ ಒಂದು ಬೆಳಿಗ್ಗೆ ನಡುವಿನಿಂದ ಹಸಿರು ಸುಳಿ ಹೊರಟಿತು. ಗೊಬ್ಬರದ ನೀರನ್ನು ನಾನು ಈಗ ಕೈಬಿಚ್ಚಿ ಕೊಡುತ್ತಿದ್ದೆ. ಆಗಸ್ಟಿನಲ್ಲಿ ಪೈರು ಗ್ರಿಲ್ಲಿನ ಕಂಬಿಗಳ ನಡುವಿನಿಂದ ಹೊರಗೆ ಚಾಚಿ ಗಾಳಿಗೆ ಬಳುಕಿತು. ನೀರು ನಿಲ್ಲದ ಇದೆಂಥ ಗದ್ದೆ ಎಂದು ಅತ್ತೆ ಗೊಣಗುವುದು ನಿಲ್ಲಲಿಲ್ಲ. ಆದರೆ ಕಿಟಕಿಗೆ ಹೋಗಿಬರುವುದು ಹೆಚ್ಚಾಯಿತು. ಸೆಪ್ಟೆಂಬರಿನಲ್ಲಿ ಹೊಡೆ ಬಿಚ್ಚಿ ತೆನೆ ಹೊರಬಂದಾಗ ಪಾರಿವಾಳಗಳು ಬಂದವು. ಅಪ್ಪ ಬಲೆ ಕಟ್ಟುತ್ತೇನೆ ಎಂದರು. ಅತ್ತೆ ಬೇಡ ಎಂದು, ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೈಯಲ್ಲಿ ತೆಂಗಿನ ಕಡ್ಡಿಯ ಪೊರಕೆ, ನಮ್ಮ ಹಿಡಿಸೂಡಿ, ಹಿಡಿದು ಕೂತರು. ಪಾರಿವಾಳ ಒಂದು ತುದಿಯಲ್ಲಿ ಕೂತರೆ ಎದ್ದು ಅಲ್ಲಿಗೆ, ಇನ್ನೊಂದು ತುದಿಯಲ್ಲಿ ಕೂತರೆ ಇಲ್ಲಿಗೆ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ, ಆಂಟಿ ಈಗ ವಾಕರ್ ಬಿಟ್ಟು ಕೋಲು ಹಿಡಿಯಬಹುದು ಎಂದಳು. ಅತ್ತೆ ಹಿಡಿಸೂಡಿಯನ್ನು ತೋರಿಸಿ, ಇದೇ ಸಾಕು ಎಂದರು.

ಆದರೂ ತೆನೆ ತುಂಬುತ್ತದೆಯೇ ಎಂಬುದು ಗೊತ್ತಿರಲಿಲ್ಲ. ಉಪ್ಪಿಗೆ ಸಿಕ್ಕಿದ ಪೈರು ಜೊಳ್ಳು ಬಿಡುವುದೇ ಹೆಚ್ಚು. ಅತ್ತೆ ಕಾಳನ್ನು ಎರಡು ಬೆರಳಿನ ನಡುವೆ ಒತ್ತಿ ನೋಡುತ್ತಿದ್ದರು. ಮೊದಲು ಟೊಳ್ಳು. ಆಮೇಲೆ ಹಾಲು. ಟಿಕೆಟ್ಟಿನ ದಿನ ಹತ್ತಿರವಾಗುತ್ತಿತ್ತು. ಅಪ್ಪ ನನ್ನ ಫೋನನ್ನೂ ತೆನೆಯನ್ನೂ ಸರದಿಯಲ್ಲಿ ನೋಡುತ್ತಿದ್ದರು. ನವರಾತ್ರಿ ಶುರುವಾಗುವ ಹೊತ್ತಿಗೆ ಅತ್ತೆ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿದರು. ಟಕ್ಕೆಂದು ಸದ್ದಾಯಿತು. ಒಳಗೆ ಕೆಂಪು ಅಕ್ಕಿ.

ಕದಿರು ತರುವ ದಿನ ಬೆಳಿಗ್ಗೆ ಅತ್ತೆ ಮಿಂದು, ಮಡಿಸೀರೆ ಉಟ್ಟು, ಕ್ಯಾಂಟೀನಿನಿಂದ ತಂದ ಚೂರಿಯಲ್ಲಿ ತೆನೆ ಕೊಯ್ದರು. ಜೊಳ್ಳು ಬಹಳ ಇತ್ತು. ಕಾಳು ತುಂಬಿದ ತೆನೆಗಳನ್ನು ಆರಿಸಿ, ಮಾವಿನ ಎಲೆ, ಹಲಸಿನ ಎಲೆಯಲ್ಲಿ ಸುತ್ತಿ, ಪೆಟ್ಟಿಗೆಯಿಂದಲೇ ಉದ್ದನೆಯ ತೆಂಗಿನ ನಾರು ಹೆಕ್ಕಿ ಹೊಸೆದು ಕಟ್ಟಿದರು. ಹಸಿರಾಗಿಯೇ ಇದ್ದ ಕೆಲವನ್ನು ಬೀಜಕ್ಕೆಂದು ಪೆಟ್ಟಿಗೆಯಲ್ಲಿಯೇ ಬಿಟ್ಟರು. ಕದಿರು ಹೊರಗಿನಿಂದ ಮನೆಗೆ ಬರಬೇಕು. ನಮ್ಮದು ಕಿಟಕಿಯಲ್ಲೇ ಬೆಳೆದದ್ದು. ಹಾಗಾಗಿ ಅಪ್ಪ ಅದನ್ನು ತಲೆಯ ಮೇಲೆ ಇಟ್ಟುಕೊಂಡು ಮೆಟ್ಟಿಲು ಇಳಿದು ಗೇಟಿನವರೆಗೆ ಹೋಗಿ, ಅಲ್ಲಿಂದ ಹತ್ತಿ ಬಂದರು. ವಾಚ್‌ಮನ್ ಎದ್ದು ನಿಂತನಂತೆ. ಅಮ್ಮ ಹೊಸ್ತಿಲಲ್ಲಿ ಅವರ ಕಾಲಿಗೆ ನೀರು ಹೊಯ್ದರು. ಸಮೃದ್ಧಿಯಾಗಲಿ ಎಂದು ಹಾರೈಸುವ ತುಳುವಿನ ಮಾತನ್ನು, ಪೊಲಿ ಪೊಲಿ ಎಂದು, ಅಪ್ಪ ಸ್ವಲ್ಪ ನಾಚಿಕೊಂಡು, ಮೆಲುದನಿಯಲ್ಲಿ ಹೇಳುತ್ತಾ ಒಳಗೆ ಬಂದರು. ಸದ್ದು ಕೇಳಿ ಕಾಕುವೂ ಹಿಂದೆಯೇ ಮೇಲೆ ಬಂದಿದ್ದರು. ಹೋಳಿಗೆಯ ಡಬ್ಬಿ ತಂದಿದ್ದರು.

ನಾನು ಮತ್ತು ಅಪ್ಪ ಬಾಗಿಲಿಗೆ ಕದಿರು ಕಟ್ಟಿದೆವು. ಅಮ್ಮ ಡಬ್ಬಿಗೆ ಕಟ್ಟಿದರು. ಹಳೆಯದನ್ನು ಬಿಚ್ಚಿದಾಗ ಅದರಲ್ಲಿ ಕಾಳು ಇರಲಿಲ್ಲ, ಬರೀ ಕಡ್ಡಿ. ಅತ್ತೆ ಕೂತು ಹೊಸ ಭತ್ತದ ಸಿಪ್ಪೆಯನ್ನು ಉಗುರಿನಿಂದ ಸುಲಿದು ಒಂದು ಚಿಟಿಕೆ ಅಕ್ಕಿ ಮಾಡಿ, ಅದನ್ನು ಬೇಯುತ್ತಿದ್ದ ಅನ್ನಕ್ಕೆ ಹಾಕಿಸಿದರು. ನಮ್ಮ ಹೊಸಕ್ಕಿ ಊಟ ಅಷ್ಟೇ. ಕಾಕುವೂ ಉಂಡು, ಹೋಗಿ ಬರುತ್ತೇನ್ರಿ ಎಂದು ಹೇಳಿ ಹೋದರು.

ಅವರು ಇಳಿದು ಹೋದದ್ದು ಖಾತ್ರಿಯಾದ ಮೇಲೆ ಅತ್ತೆ ನನ್ನನ್ನು ಕಿಟಕಿಗೆ ಕರೆದರು. ಬಲಗಡೆಯ ಪೆಟ್ಟಿಗೆಯಲ್ಲಿ ಬೀಜಕ್ಕೆ ಬಿಟ್ಟಿದ್ದ ತೆನೆಗಳಲ್ಲಿ ಒಂದರ ಕಡ್ಡಿ ಅರ್ಧಕ್ಕೆ ತುಂಡಾಗಿತ್ತು. ಆಗ ತಾನೆ ಮುರಿದದ್ದು. ತುದಿ ಇನ್ನೂ ಒದ್ದೆಯಾಗಿತ್ತು.

“ಕೆಳಗಿನವಳು ಕದ್ದಳು,” ಎಂದರು ಅತ್ತೆ, ಗುಟ್ಟಿನಲ್ಲಿ. “ನೀವೆಲ್ಲ ಬಾಗಿಲಲ್ಲಿ ಇರುವಾಗ. ಸೆರಗಿನ ಒಳಗೆ ಇಟ್ಟುಕೊಂಡ್ಳು.”

“ನೀವು ಏನೂ ಹೇಳಲಿಲ್ವಾ?”

“ಹೇಳ್ಲಿಕ್ಕೆ ಉಂಟಾ? ನಾನು ಈ ಕಡೆ ತಿರುಗಿ ಕೂತೆ.” ಅವರ ಕಣ್ಣು ಹೊಳೆಯುತ್ತಿತ್ತು. “ಕದಿರಿನ ದಿನ ಕಳ್ಳಿ ಬಂದ್ಳು ಅಂದ್ರೆ ಅದು ಗದ್ದೆಯೇ ಮಾರಾಯ್ತಿ.”

ಮಧ್ಯಾಹ್ನ ಅಪ್ಪ ಅಕ್ಕನ ಎದುರು ಕೂತು, ಕೊನೆಗೂ ಟಿಕೆಟ್ಟಿನ ವಿಷಯ ಬಾಯಿಬಿಟ್ಟರು. ಮುಂದಿನ ವಾರಕ್ಕೆ ಎರಡು ಸೀಟು ಇದೆ, ಏನು ಮಾಡುವುದು ಎಂದು ಕೇಳಿದರು. ಅತ್ತೆ ಕಿಟಕಿಯ ಕಡೆ ನೋಡಿದರು.

“ನೀನು ಬೇಕಾದ್ರೆ ಹೋಗಿ ಬಾ. ಮನೆಯ ಬಾಗಿಲು ತೆಗೆದು ಗಾಳಿಯಾಡಿಸಿ ಬಾ. ನನಗೆ ಬೀಜ ಒಣಗುವವರೆಗೆ ಪಾರಿವಾಳ ಓಡಿಸ್ಲಿಕ್ಕೆ ಉಂಟು.”

ಅಪ್ಪ ನನ್ನ ಕಡೆ ನೋಡಿದರು. ನಾನು ಒಂದು ಸೀಟು ರದ್ದು ಮಾಡಿದೆ.

ಬೀಜ ಒಣಗಿದ ಮೇಲೆ ಅತ್ತೆ ಅದನ್ನು ಹಳೆಯ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟರು. ಪೆಟ್ಟಿಗೆಯ ನಾರಿನಿಂದ ಬೇರುಗಳನ್ನು ಬಿಡಿಸಿ, ತೊಳೆದು, ಬಿಸಿಲಿಗೆ ಹರಡಿದೆವು. ಅದನ್ನು ಇನ್ನೂ ಒಂದೆರಡು ಬೆಳೆಗೆ ಬಳಸಬಹುದು. ಚಳಿಗಾಲಕ್ಕೆ ಅದರಲ್ಲಿ ಹರಿವೆ ಸೊಪ್ಪು ಹಾಕುವ ಎಂದು ಅವರೇ ಹೇಳಿದರು. ಕಲ್ಲುಪ್ಪಿನ ಡಬ್ಬಿಯನ್ನು ಅಮ್ಮ ಮೇಲಿನ ಶೆಲ್ಫಿಗೆ ಏರಿಸಿದ್ದರು. ಅತ್ತೆ ಈಗ ಕೋಲು ಹಿಡಿದು ಅಲ್ಲಿಯವರೆಗೆ ನಡೆಯಬಲ್ಲರು. ಆದರೆ ಕೈ ಎಟುಕುವುದಿಲ್ಲ.

ಮೊನ್ನೆ ಕೆಲಸಕ್ಕೆ ಇಳಿದು ಹೋಗುವಾಗ ಕಾಕುವಿನ ಬಾಗಿಲು ತೆರೆದಿತ್ತು. ಚೌಕಟ್ಟಿನ ಮೇಲೆ, ನಿಂಬೆಹಣ್ಣು ಮೆಣಸಿನಕಾಯಿಯ ಪಕ್ಕದಲ್ಲಿ, ಕೆಂಪು ದಾರದಲ್ಲಿ ಒಂದು ತೆನೆ ಕಟ್ಟಿತ್ತು. ಬಹುಪಾಲು ಜೊಳ್ಳು. ಕಾಕು ನಾನು ನೋಡಿದ್ದನ್ನು ನೋಡಿದರು. ನಾನು ಈ ಕಡೆ ತಿರುಗಿಕೊಂಡು, ಟ್ರೇನಿಗೆ ಹೊತ್ತಾಯಿತು ಎಂದು ಹೇಳಿ ಇಳಿದುಹೋದೆ.